ನನಗೂ ಹಾಗೇ ಆಗುತ್ತಿತ್ತು

ಜನವರಿ ೧೧

ಅಕ್ಕ,

ನಿನ್ನ ಕಾಗದ ಬಂತು. ಒಳಗೆ ನೀನು ಮಡಿಸಿಟ್ಟಿದ್ದ ದೇವರ ಹೂವಿನ ಎಸಳೂ ಬಂತು, ಪುಡಿಪುಡಿಯಾಗಿ. ನನ್ನ ರೂಮಿನವಳು ಲಕೋಟೆ ಕೊಡವಿ, "ಏನೇ, ನಿಮ್ಮಕ್ಕ ನಶ್ಯ ಕಳಿಸಿದಾರಾ?" ಅಂದಳು. ಐದು ಗಂಟೆಗೇ ಎದ್ದು ಎಲ್ಲರನ್ನೂ ಎಬ್ಬಿಸುತ್ತಾಳೆ ಅಂತ ಅವಳಿಗೆ ನಾವು ಗಡಿಯಾರ ಅಂತ ಹೆಸರಿಟ್ಟಿದ್ದೇವೆ. ಬೈಯಬೇಡ, ಪುಡಿಯನ್ನೇ ಕಣ್ಣಿಗೊತ್ತಿಕೊಂಡೆ.

ಬಣ್ಣದ ಮಿಲ್ಲಿನಲ್ಲಿ ನನ್ನನ್ನು ಬಿಳಿ ವಿಭಾಗದಿಂದ ಕಪ್ಪು ತೊಟ್ಟಿಗೆ ಹಾಕಿ ಮೂರು ತಿಂಗಳಾಯಿತು. ನೀನು ಆರು ವರ್ಷ ನಿಂತಿದ್ದ ತೊಟ್ಟಿಯೇ, ಕಿಟಕಿಯಿಂದ ಎರಡನೆಯದು. ಈಗ ಕೋಲಿನಿಂದ ನೂಲು ತಿರುಗಿಸುವ ಕಷ್ಟವಿಲ್ಲ, ಯಂತ್ರ ತಿರುಗಿಸುತ್ತದೆ. ಒದ್ದೆ ನೂಲನ್ನು ಎತ್ತಿ ಗಾಡಿಗೆ ಹಾಕುವುದು ಮಾತ್ರ ನಾವೇ. ಉಗುಳಿದರೆ ಕಪ್ಪು, ಸೀನಿದರೆ ಕಪ್ಪು, ದಿಂಬಿನ ಮೇಲೆ ನನ್ನ ಕೆನ್ನೆಯ ಅಚ್ಚು.

ಒಂದು ಮಾತು ಕೇಳಬೇಕು. ಭಾವನಿಗೆ ಓದಿ ಹೇಳಬೇಡ, ನಾಚಿಕೆ. ನಾಲ್ಕೈದು ವಾರದಿಂದ ಕಕ್ಕಸಿಗೆ ಹೋದರೆ ಕಪ್ಪಗೆ ಹೋಗುತ್ತಿದೆ. ಸುಮ್ಮನೆ ಕಪ್ಪಲ್ಲ, ಡಾಂಬರಿನ ಹಾಗೆ ಅಂಟು, ಕೆಟ್ಟ ವಾಸನೆ. ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುತ್ತದೆ. ಎದೆಗೂಡಿನ ಕೆಳಗೆ ಏನೋ ಭಾರ. ಬಣ್ಣ ಒಳಗೆ ಹೋಗಿರುತ್ತೆ ಅಂತ ಹಾಸ್ಟೆಲಿನವರು ಅನ್ನುತ್ತಾರೆ. ಗಡಿಯಾರ ಅಂತೂ, "ಕಪ್ಪು ತೊಟ್ಟಿಯವಳಿಗೆ ಬಿಳಿ ಹೋದ್ರೆ ತಾನೇ ಹೆದರಬೇಕು" ಅಂತ ನಕ್ಕಳು. ನಿನಗೂ ಆಗ ಹೀಗೆ ಆಗುತ್ತಿತ್ತಾ?

ಡಾಕ್ಟರ ಹತ್ತಿರ ಹೋದರೆ ರಜೆ ಹಾಕಿಸುತ್ತಾರೆ. ನಾನು ಕಾಯಂ ಆಗಲು ಇನ್ನು ಏಳು ತಿಂಗಳು. ಮಧ್ಯೆ ಉದ್ದ ರಜೆ ಬಿದ್ದರೆ ಮತ್ತೆ ಮೊದಲಿನಿಂದ ಎಣಿಸುತ್ತಾರೆ, ಹಾಸ್ಟೆಲಿನ ಈ ಮಂಚವೂ ಕೈಬಿಡುತ್ತದೆ. ನಲವತ್ತಮೂರನೇ ವಯಸ್ಸಿಗೆ ಮತ್ತೆ ಮೊದಲಿನಿಂದ ನನ್ನ ಕೈಲಾಗದು ಅಕ್ಕ.

ಬೇಗ ಬರೆ.

ನಿನ್ನ ಇರುವೆ


ಜನವರಿ ೧೯

ನನ್ನ ಇರುವೆಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದವನ್ನು ದೇವರ ಗೂಡಿನ ಮುಂದಿಟ್ಟು ಆಮೇಲೆ ಒಡೆದೆ. ನೀನು ಹೇಳಿದ ಭಾಗ ಬಿಟ್ಟು ನಿಮ್ಮ ಭಾವನಿಗೆ ಓದಿದೆ. "ಎರಡು ಹಾಳೆ ಅರ್ಧ ನಿಮಿಷಕ್ಕೆ ಮುಗೀತಲ್ಲ, ನಿನ್ನ ತಂಗಿ ಗೋಡೆ ಮೇಲೆ ಬರೆಯೋ ಅಕ್ಷರದಲ್ಲಿ ಬರೀತಾಳಾ?" ಅಂದರು. ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಒಂಬತ್ತು ವರ್ಷವಾಯಿತು, ನಾಲಿಗೆಗೆ ಮಾತ್ರ ಏನೂ ಆಗಿಲ್ಲ.

ನೀನು ಹೆದರಬೇಡ. ನನಗೂ ಹಾಗೇ ಆಗುತ್ತಿತ್ತು. ಮೊದಲ ಎರಡು ವರ್ಷ ಪೂರ್ತಿ. ಆಮೇಲೆ ಮೈ ಒಗ್ಗಿಕೊಂಡಿತು. ಊಟಕ್ಕೆ ಮೊದಲು ಚೆನ್ನಾಗಿ ಬಾಯಿ ಮುಕ್ಕಳಿಸು, ಖಾರ ಬಿಡು, ಹಾಲು ಕುಡಿ. ಮಲಗುವಾಗ ದೇವರ ಹೆಸರನ್ನು ನೂರೆಂಟು ಸಲ ಹೇಳಿಕೋ. ಮಧ್ಯೆ ನಿದ್ದೆ ಬಂದರೆ ಮತ್ತೆ ಮೊದಲಿನಿಂದ ಎಣಿಸಬೇಡ. ದೇವರು ನಿಮ್ಮ ಮಿಲ್ಲಿನವರ ಹಾಗಲ್ಲ.

ಗಂಡನ ಮನೆ ಬಿಟ್ಟು ಬಂದವಳಿಗೆ ಒಂದು ಮಂಚ, ಒಂದು ಬೀಗದ ಕೈ ತನ್ನದು ಅಂತ ಇರಲಿ ಎಂದು ನಾನೇ ನಿನ್ನ ಕೈಹಿಡಿದು ಆ ಗೇಟಿನೊಳಗೆ ಬಿಟ್ಟವಳು. ಏಳು ತಿಂಗಳು ಹಲ್ಲು ಕಚ್ಚಿ ದಾಟಿಬಿಡು. ಫೋನು ನನ್ನ ಕಿವಿಗೆ ಕೇಳುವುದಿಲ್ಲ, ನಿನಗೆ ಗೊತ್ತು. ಬರೆಯುತ್ತಿರು.

ನಿನ್ನ ಅಕ್ಕ


ಮಾರ್ಚ್ ೬

ಅಕ್ಕ,

ನಿನ್ನ ಕಾಗದ ಬಂದ ದಿನ ನಾನು ಎಷ್ಟೋ ವಾರದ ಮೇಲೆ ಮಗುವಿನ ಹಾಗೆ ನಿದ್ದೆ ಮಾಡಿದೆ. ಆರು ವರ್ಷ ನಿಂತವರೇ ಹೇಳಿದ ಮೇಲೆ ಇನ್ನೇನು ಅಂತ ಗಡಿಯಾರ ಕೂಡ ಸುಮ್ಮನಾದಳು.

ಕಪ್ಪು ನಿಂತಿಲ್ಲ. ಅದರ ಮೇಲೆ ಈಗ ಏದುಸಿರು. ಹಾಸ್ಟೆಲಿನ ಮೂರು ಮಹಡಿ ಹತ್ತುವಾಗ ಪ್ರತಿ ತಿರುವಿನಲ್ಲೂ ಚಪ್ಪಲಿ ಸರಿಮಾಡುವವಳ ಹಾಗೆ ಬಗ್ಗಿ ನಿಲ್ಲುತ್ತೇನೆ. ನನ್ನ ಬಟ್ಟೆಗಳೆಲ್ಲ ಯಾರದೋ ಬಟ್ಟೆಗಳ ಹಾಗೆ ಜೋತಾಡುತ್ತವೆ, ಪಿನ್ನು ಚುಚ್ಚಿಕೊಂಡಿದ್ದೇನೆ. ಮೊನ್ನೆ ಮೇಸ್ತ್ರಿ ದಿಟ್ಟಿಸಿ ನೋಡಿ, "ಏನಮ್ಮಾ, ನಾವು ನೂಲನ್ನಷ್ಟೇ ಬ್ಲೀಚ್ ಮಾಡೋದು, ನೀನು ಮುಖಾನೂ ಅದ್ದಿಬಿಟ್ಯಾ?" ಅಂದ.

ಮಿಲ್ಲಿನ ನರ್ಸು ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು. ರಕ್ತ ಕಮ್ಮಿ ಅಂತ ಕಬ್ಬಿಣದ ಮಾತ್ರೆ ಕೊಟ್ಟರು. "ಇದು ತಗೊಂಡ್ರೆ ಮಲ ಕಪ್ಪಾಗುತ್ತೆ, ಗಾಬರಿ ಬೀಳಬೇಡಿ" ಅಂದರು. ನನಗೆ ನಗು ಬಂತು. ಮೊದಲಿನಿಂದಲೂ ಕಪ್ಪೇ ಅಂತ ಹೇಳಲಿಲ್ಲ. ಹೇಳಿದ್ದರೆ ಚೀಟಿ ಬರೆದು ಹೊರಗೆ ಕಳಿಸುತ್ತಿದ್ದರು.

ಈಗ ಎರಡು ಕಾರಣವಾಯಿತು ನೋಡು, ಬಣ್ಣ ಒಂದು, ಮಾತ್ರೆ ಒಂದು. ಇನ್ನು ಐದು ತಿಂಗಳು.

ನಿನ್ನ ಇರುವೆ


ಮಾರ್ಚ್ ೧೪

ನನ್ನ ತಂಗಿಗೆ,

ಮಾತ್ರೆ ತಪ್ಪಿಸಬೇಡ. ರಕ್ತ ಕಮ್ಮಿಯಾಗುವುದು ಹೆಣ್ಣುಮಕ್ಕಳಿಗೆ ಇದ್ದದ್ದೇ.

ನಿನ್ನ ಹೆಸರಿನಲ್ಲಿ ಉಪ್ಪು ಬಿಟ್ಟಿದ್ದೇನೆ, ನೀನು ಮೈ ತುಂಬಿಕೊಳ್ಳುವವರೆಗೆ. ನಿಮ್ಮ ಭಾವ ನನ್ನ ತಟ್ಟೆ ನೋಡಿ, "ಉಪ್ಪು ಬಿಟ್ಟವಳು ನೀನು, ಸಪ್ಪೆ ಸಾರು ನನಗ್ಯಾಕೆ?" ಅಂತ ಜಗಳ ತೆಗೆದರು. ಮಾರನೇ ದಿನದಿಂದ ಅವರಿಗೆ ಬೇರೆ ಮಾಡಿಡುತ್ತಿದ್ದೇನೆ. ಅವರ ಬೆನ್ನಿನ ಹುಣ್ಣು ಒಣಗುತ್ತಿದೆ. ಗಂಟೆಗೊಂದು ಸಲ ಹೊರಳಿಸಬೇಕು, ಅದಕ್ಕೇ ಬೀದಿಯ ತುದಿಯವರೆಗೂ ಹೋಗಲಾಗುವುದಿಲ್ಲ. ಇಲ್ಲದಿದ್ದರೆ ನಾನೇ ಬಂದು ನಿನ್ನ ಮುಖ ನೋಡುತ್ತಿದ್ದೆ.

ಕೆಲಸವಿಲ್ಲದ ದಿನ ಹೊರಗಿನ ಯಾರಾದರೂ ಡಾಕ್ಟರಿಗೆ ಒಂದು ಸಲ ತೋರಿಸಿದರೂ ತೋರಿಸು. ಅವಸರವೇನಿಲ್ಲ. ಸುಮ್ಮನೆ ಹೇಳಿದೆ.

ಅಕ್ಕ


ಏಪ್ರಿಲ್ ೯, ಆಸ್ಪತ್ರೆಯಿಂದ

ಅಕ್ಕ,

ಹೆದರಬೇಡ ಅಂತ ಈ ಸಲ ನಾನೇ ಮೊದಲು ಬರೆಯುತ್ತೇನೆ. ಬದುಕಿದ್ದೇನೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಗಾಡಿ ತಳ್ಳುತ್ತಿದ್ದೆ. ಮೈಯೆಲ್ಲ ಬೆವರಿ ಕಣ್ಣು ಕತ್ತಲಿಟ್ಟಿತು. ತೊಟ್ಟಿಯ ಅಂಚು ಹಿಡಿದು ವಾಂತಿ ಮಾಡಿದೆ. ಕಾಫಿಪುಡಿ ಕಲಸಿದ ನೀರಿನ ಹಾಗೆ ಬಂತು. ಆ ನೆಲವೇ ಕಪ್ಪಲ್ಲವಾ, ಯಾರಿಗೂ ತಿಳಿಯಲಿಲ್ಲ. ಮೇಸ್ತ್ರಿ, "ಯಾರ್ರೀ ಅದು ಬಣ್ಣ ಚೆಲ್ಲಿದ್ದು?" ಅಂತ ಕೂಗಿದ. ಎರಡನೇ ಸಲ ಕೆಂಪಗೇ ಬಂತು. ಕಪ್ಪು ವಿಭಾಗದಲ್ಲಿ ಕೆಂಪು ಎಲ್ಲಿಂದ ಬರಬೇಕು? ಆಗ ಎಲ್ಲರೂ ಓಡಿಬಂದರು.

ನಾಲ್ಕು ಬಾಟಲಿ ರಕ್ತ ಕೊಟ್ಟರು. ಗಂಟಲಿನಿಂದ ಕ್ಯಾಮೆರಾದ ಕೊಳವೆ ಇಳಿಸಿ ನೋಡಿದರು. ಹೊಟ್ಟೆಯೊಳಗೆ ಅಂಗೈ ಅಗಲದ ಹುಣ್ಣಿದೆಯಂತೆ, ಅಂಚು ದಪ್ಪಗೆ ಎದ್ದಿದೆಯಂತೆ. ರಕ್ತ ಚಿಮ್ಮುತ್ತಿದ್ದ ಕಡೆ ಸೂಜಿಮದ್ದು ಚುಚ್ಚಿ, ಸಣ್ಣ ಕ್ಲಿಪ್ಪು ಹಾಕಿ ನಿಲ್ಲಿಸಿದರು. ಅಂಚಿನಿಂದ ಚೂರು ಕಿತ್ತು ಪರೀಕ್ಷೆಗೆ ಕಳಿಸಿದ್ದಾರೆ.

ಕ್ಯಾಮೆರಾ ಡಾಕ್ಟರು ಕೇಳಿದರು, "ಎಷ್ಟು ದಿನದಿಂದ ಕಪ್ಪಗೆ ಹೋಗ್ತಿತ್ತಮ್ಮಾ?"

"ಡಿಸೆಂಬರಿಂದ."

"ನಾಲ್ಕು ತಿಂಗಳು! ಅದು ರಕ್ತ ಕಣಮ್ಮಾ. ಹೊಟ್ಟೆಯಲ್ಲಿ ಸುರಿದದ್ದು ಕರುಳಲ್ಲಿ ಇಳಿಯುತ್ತಾ ಕಪ್ಪಾಗುತ್ತೆ. ಯಾಕೆ ಬರಲಿಲ್ಲ?"

"ಬಣ್ಣ ಅಂದ್ಕೊಂಡೆ ಡಾಕ್ಟ್ರೇ."

ಅವರು ಬೈಯಲಿಲ್ಲ. ಆಗಲೇ ತೊಳೆದಿದ್ದ ಕೈಯನ್ನು ಹೋಗಿ ಮತ್ತೆ ತೊಳೆದರು.

ಅಕ್ಕ, ಒಂದು ಯೋಚನೆ ತಲೆ ತಿನ್ನುತ್ತಿದೆ. ನಿನಗೂ ಎರಡು ವರ್ಷ ಹೋಗಿತ್ತಲ್ಲ, ಅದೂ ಹಾಗಾದರೆ ರಕ್ತವೇ. ನಿನ್ನ ಹೊಟ್ಟೆಯಲ್ಲೂ ಹುಣ್ಣಿದ್ದು ಮೇಲೆ ಮುಚ್ಚಿಕೊಂಡಿದ್ದರೆ? ನೀನೂ ತೋರಿಸಿಕೋ.

ಇರುವೆ


ಏಪ್ರಿಲ್ ೧೬

ನನ್ನ ಇರುವೆ,

ದೇವರು ದೊಡ್ಡವನು, ಹೋದ ಜೀವ ಬಂತು. ಹುಣ್ಣು ತಾನೇ, ಒಣಗುತ್ತದೆ. ನಿಮ್ಮ ಭಾವನಿಗೆ ಎಲ್ಲವನ್ನೂ ಓದಿ ಹೇಳಿದೆ. ಆ ಮನುಷ್ಯ ತಮಾಷೆ ಮಾಡದಿದ್ದರೆ ನನಗೆ ಭಯವಾಗುತ್ತದೆ.

ನನ್ನದನ್ನು ಬಿಡು. ಅದೆಲ್ಲ ಹಳೆಯದು. ನನಗೇನೂ ಆಗಿಲ್ಲ, ಕಲ್ಲು ತಿಂದರೂ ಅರಗುತ್ತದೆ. ಮತ್ತೆ ಆ ವಿಷಯ ಬರೆಯಬೇಡ.

ಅಕ್ಕ


ಮೇ ೮

ಅಕ್ಕ,

ಹುಣ್ಣಲ್ಲ. ಅಥವಾ ಬರೀ ಹುಣ್ಣಲ್ಲ.

ಮೊದಲ ಚೂರುಗಳಲ್ಲಿ ಹುಣ್ಣು ತರುವ ಒಂದು ಥರದ ಕ್ರಿಮಿ ಮಾತ್ರ ಸಿಕ್ಕಿತು. ಅದಕ್ಕೆ ಹದಿನಾಲ್ಕು ದಿನ ಮಾತ್ರೆ ನುಂಗಿದೆ. ಕ್ಯಾಮೆರಾ ಡಾಕ್ಟರಿಗೆ ಮಾತ್ರ ಸಮಾಧಾನವಿಲ್ಲ. "ಇದರ ಅಂಚು ನನಗೆ ಹಿಡಿಸ್ತಾ ಇಲ್ಲ" ಅಂತ ಮತ್ತೆ ಕೊಳವೆ ಇಳಿಸಿ, ಆಳದಿಂದ ಹತ್ತು ಚೂರು ತೆಗೆದರು. ಅದರಲ್ಲಿ ಸಿಕ್ಕಿತು. ಲಿಂಫೋಮಾ ಅಂತ ಹೆಸರು. ಕ್ಯಾನ್ಸರೇ. ಆದರೆ ಹೊಟ್ಟೆಯ ಮಾಮೂಲು ಕ್ಯಾನ್ಸರಲ್ಲವಂತೆ. ಮೈಯೊಳಗೆ ರೋಗ ಬರದ ಹಾಗೆ ಕಾವಲು ಕಾಯುವ ಬಿಳಿ ರಕ್ತಕಣಗಳೇ ಕೆಟ್ಟು, ಹೊಟ್ಟೆಯ ಗೋಡೆಯಲ್ಲಿ ಗಂಟು ಕಟ್ಟಿಕೊಂಡಿವೆ. ಸ್ಕ್ಯಾನ್ ಮಾಡಿದರು, ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು. ಪಕ್ಕದ ಗ್ರಂಥಿಗಳಿಗೆ ಹೋಗಿದೆ, ಮೂಳೆಗೆ ಹೋಗಿಲ್ಲ.

ಈಗ ನನ್ನನ್ನು ನೋಡುವವರು ಕ್ಯಾನ್ಸರ್ ಡಾಕ್ಟರಮ್ಮ, ಸಣ್ಣಗಿನ ಹೆಂಗಸು, ದೊಡ್ಡ ಗಂಟಲು. ಕೊಯ್ದು ತೆಗೆಯುವುದಿಲ್ಲವಂತೆ, ಈ ಜಾತಿಗೆ ಔಷಧಿಯೇ ಮೇಲಂತೆ. ಮೂರು ವಾರಕ್ಕೊಂದು ಸಲ ನರಕ್ಕೆ ಹನಿಸುತ್ತಾರೆ, ಒಟ್ಟು ಆರು ಸಲ. ಒಂದು ಅಪಾಯವನ್ನೂ ಮುಚ್ಚಿಡದೆ ಹೇಳಿದರು. ಗಂಟು ಕರಗಿದ ಕಡೆ ಹೊಟ್ಟೆಯ ಗೋಡೆ ತೂತಾಗಬಹುದು, ಮತ್ತೆ ರಕ್ತ ಸುರಿಯಬಹುದು. ಅದಕ್ಕೆ ಮೊದಲ ಸಲದ ಔಷಧಿಗೆ ಹತ್ತು ದಿನ ವಾರ್ಡಿನಲ್ಲೇ ಇಟ್ಟುಕೊಳ್ಳುತ್ತಾರೆ. ಕಾಯಂ ಆಗುವ ಮಾತು ಮುಗಿಯಿತು. ಮಂಚಕ್ಕೆ ಬೇರೆಯವಳು ಬಂದಳಂತೆ. ಇನ್ನು ಆಸ್ಪತ್ರೆಯ ಧರ್ಮಶಾಲೆಯೇ ನನ್ನ ಮನೆ.

ಡಾಕ್ಟರಮ್ಮನಿಗೆ ನಿನ್ನ ವಿಷಯ ಹೇಳಿದೆ. "ಎರಡು ವರ್ಷ ಕಪ್ಪಗೆ ಹೋಗಿತ್ತು ಅಂದ್ರೆ ಅವರೂ ಕ್ಯಾಮೆರಾ ಹಾಕಿಸ್ಕೊಳ್ಳಲೇಬೇಕು, ಆ ಕ್ರಿಮಿ ಒಂದೇ ಮನೆಯವರಿಗೆ ಹಬ್ಬಿರುತ್ತೆ" ಅಂದರು. ಹೋಗು ಅಕ್ಕ. ನನ್ನ ಮೇಲಾಣೆ.

ಇರುವೆ


ಜೂನ್ ೧೦

ಅಕ್ಕ,

ಒಂದು ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಎರಡು ಸಲದ ಔಷಧಿ ಆಯಿತು. ಬಾಯೆಲ್ಲ ಹುಣ್ಣು, ಕೂದಲು ಹಿಡಿಹಿಡಿ ಬರುತ್ತಿದೆ. ಅದು ನನಗೆ ದೊಡ್ಡದಲ್ಲ. ನೀನು ಕ್ಯಾಮೆರಾ ಹಾಕಿಸಿಕೊಂಡಿದ್ದೀಯ, ನಿನಗೂ ಇದೇ ಬಂದಿದೆ, ನನ್ನಿಂದ ಮುಚ್ಚಿಡುತ್ತಿದ್ದೀಯ. ಅಷ್ಟೇ ತಾನೇ? ಬೇರೆ ಯಾವುದಕ್ಕೂ ನೀನು ಹೀಗೆ ಸುಮ್ಮನಿರುವವಳಲ್ಲ.

ಇಪ್ಪತ್ತಮೂರಕ್ಕೆ ಮೂರನೆಯದು. ಅಷ್ಟರೊಳಗೆ ನಿನ್ನ ಕಾಗದ ಬರದಿದ್ದರೆ ಔಷಧಿ ಬಿಟ್ಟು ಅಲ್ಲಿಗೆ ಹೊರಟು ಬರುತ್ತೇನೆ. ಒಂದು ರೈಲು, ಎರಡು ಬಸ್ಸು ತಾನೇ. ಡಾಕ್ಟರಮ್ಮ ಕಿರುಚಲಿ.

ಇರುವೆ


ಜೂನ್ ೧೫

ತಂಗೀ,

ಬರಬೇಡ. ಔಷಧಿ ಬಿಡಬೇಡ. ನನಗೆ ಯಾವ ರೋಗವೂ ಇಲ್ಲ.

ನನಗೆ ಹಾಗೆ ಆಗಿರಲಿಲ್ಲ. ಆರು ವರ್ಷದಲ್ಲಿ ನನ್ನ ಉಗುಳು ಕಪ್ಪಾಗಿತ್ತು, ಸಿಂಬಳ ಕಪ್ಪಾಗಿತ್ತು, ಉಗುರಿನ ಸಂದಿ ಇವತ್ತಿಗೂ ಕಪ್ಪು. ಮಲ ಒಂದು ದಿನವೂ ಕಪ್ಪಾಗಿರಲಿಲ್ಲ. ನೀನು ಕೇಳಿದ ದಿನ, ಗಾಬರಿಯಾಗಿದ್ದಾಳೆ, ಕೆಲಸ ಬಿಟ್ಟು ಎಲ್ಲಿ ಬೀದಿಗೆ ಬೀಳುತ್ತಾಳೋ ಅನ್ನಿಸಿತು. ನಿನ್ನ ಮನಸ್ಸಿಗೆ ನೆಮ್ಮದಿಯಾಗಲಿ ಅಂತ ಬರೆದುಬಿಟ್ಟೆ. ದೇವರ ಗೂಡಿನ ಮುಂದೆ ಕೂತೇ ಬರೆದೆ. ಎರಡು ವರ್ಷ ಅಂತ ಲೆಕ್ಕ ಬೇರೆ ಹಾಕಿದೆ, ನಂಬಲಿ ಅಂತ.

ಮಾರ್ಚಿನಲ್ಲಿ ನೀನು ಏದುಸಿರು ಅಂತ ಬರೆದಾಗಲೇ ಇದು ಬಣ್ಣವಲ್ಲ ಅಂತ ನನಗೆ ಅನ್ನಿಸಿತ್ತು. ಆಗಲಾದರೂ ಹೇಳಬಹುದಿತ್ತು. ನನ್ನ ಮಾತು ಸುಳ್ಳು, ಓಡು ಡಾಕ್ಟರ ಹತ್ತಿರ ಅಂತ ಒಂದು ಸಾಲು ಸಾಕಿತ್ತು. ಬರೆಯಲಿಲ್ಲ. ಉಪ್ಪು ಬಿಟ್ಟೆ. ಸುಳ್ಳನ್ನು ಒಳಗಿಟ್ಟುಕೊಂಡು ಉಪ್ಪು ಬಿಟ್ಟರೆ ದೇವರು ಮೆಚ್ಚುತ್ತಾನಾ?

ನೀನು ರಕ್ತ ಹೋಗುತ್ತಿದ್ದ ಹೊಟ್ಟೆ ಹೊತ್ತು ಮಲಗಿಕೊಂಡು ನನ್ನ ಹೊಟ್ಟೆಯ ಚಿಂತೆ ಮಾಡಿದೆ. ಅದನ್ನು ಓದಿ ಒಂದು ತಿಂಗಳು ನನಗೆ ಪೆನ್ನು ಹಿಡಿಯಲಾಗಲಿಲ್ಲ. ನಿಮ್ಮ ಭಾವನಿಗೆ ನಿನ್ನೆ ಹೇಳಿದೆ. "ಅವಳಿಗೆ ಹೇಳು. ನನಗೆ ಹೇಳಿ ಏನು ಬಂತು?" ಅಂದರು.

ನನ್ನನ್ನು ಕ್ಷಮಿಸು ಅಂತ ಕೇಳುವುದಿಲ್ಲ. ಮೂರನೆಯದನ್ನು ತಗೋ.

ಅಕ್ಕ


ಜುಲೈ ೧೩

ಅಕ್ಕ,

ಮೂರನೆಯದು ತಗೊಂಡೆ. ನಾಳೆ ನಾಲ್ಕನೆಯದು.

ನಿನ್ನ ಕಾಗದ ಓದಿ ಹರಿದು ಹಾಸಿಗೆ ಪಕ್ಕದ ವಾಂತಿಯ ತಟ್ಟೆಗೆ ಹಾಕಿದೆ. ನಾಲ್ಕು ದಿನ ಬಿಟ್ಟು ಡಾಕ್ಟರಮ್ಮನನ್ನು ಕೇಳಿದೆ, "ಜನವರಿಯಲ್ಲೇ ಬಂದಿದ್ರೆ?" ಅಂತ. "ಸುಲಭ ಆಗ್ತಿತ್ತು. ವಾಸಿನೇ ಆಗ್ತಿತ್ತು ಅಂತ ಮಾತು ಕೊಡಲಾರೆ" ಅಂದರು. ನಿನಗೆ ಸಮಾಧಾನವಾಗಲಿ ಅಂತ ಬರೆಯುತ್ತಿಲ್ಲ. ಅವರು ಹೇಳಿದ್ದು ಅಷ್ಟೇ, ಹಾಗೇ ಬರೆದೆ.

ನನ್ನದೂ ಒಂದಿದೆ, ಕೇಳು. ಇಡೀ ಮಿಲ್ಲಿನಲ್ಲಿ ಕಪ್ಪು ತೊಟ್ಟಿಯಲ್ಲಿ ನಿಂತ ಹಳಬರು ಏಳೆಂಟು ಜನ ಇದ್ದರು. ಪಕ್ಕದ ಮೇಜಿನಲ್ಲೇ ಊಟ ಮಾಡುತ್ತಿದ್ದರು. ಅವರನ್ನು ಕೇಳಲಿಲ್ಲ. ಕೇಳಿದ್ದರೆ ಇಲ್ಲ ಅನ್ನುತ್ತಿದ್ದರು, ಅದು ನನಗೆ ಗೊತ್ತಿತ್ತು. ಒಂದೂವರೆ ದಿನದ ದಾರಿಯಲ್ಲಿರುವ ನಿನ್ನನ್ನು ಕೇಳಿದೆ. ನೀನು ಏನು ಬರೆಯುತ್ತೀಯ ಅನ್ನುವುದೂ ಗೊತ್ತಿತ್ತು. ಚಿಕ್ಕಂದಿನಲ್ಲಿ ನನ್ನ ಕಾಲು ಮುರಿದಾಗಲೂ ಉಳುಕು ಅಂತ ತಾನೇ ನೀನು ಹೇಳಿದ್ದು?

ಹಾಗಂತ ನಿನ್ನ ತಪ್ಪು ಅಳಿಸಿತು ಅಂದುಕೊಳ್ಳಬೇಡ. ಕೋಪ ಇನ್ನೂ ಇದೆ. ಔಷಧಿ ಹನಿಸುವಾಗ ಜಾಸ್ತಿಯಾಗುತ್ತದೆ.

ಉಪ್ಪು ತಿನ್ನು. ಅಲ್ಲಿ ನೀನೂ ಬಿದ್ದರೆ ಭಾವನನ್ನು ಹೊರಳಿಸುವವರು ಯಾರು? ಇನ್ನು ಮೇಲೆ ನಾನು ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಬರೆ. ನನಗೆ ನಿನ್ನಿಂದ ಬೇಕಾಗಿರುವುದು ಅದೊಂದೇ.

ನಿನ್ನ ತಂಗಿ


ಆಗಸ್ಟ್ ೨೯

ಅಕ್ಕ,

ಅಕ್ಷರ ವಾಲಿದ್ದರೆ ಬೈಯಬೇಡ, ಮಲಗಿಕೊಂಡು ಬರೆಯುತ್ತಿದ್ದೇನೆ. ಐದನೆಯದಾದ ಮೇಲೆ ಮತ್ತೆ ರಕ್ತ ಸುರಿಯಿತು, ಎರಡು ಸಲ. ಮತ್ತೆ ಕೊಳವೆ, ಮತ್ತೆ ಬಾಟಲಿ. ಗಡಿಯಾರ ಮೊನ್ನೆ ಬಂದಿದ್ದಳು. ನನ್ನ ಬೋಳು ತಲೆ ಸವರಿ, "ಇನ್ನು ನಿನ್ನ ದಿಂಬಿಗೆ ಬಣ್ಣ ಹತ್ತಲ್ಲ ಬಿಡು" ಅಂದಳು. ಆಮೇಲೆ ಹೊರಗೆ ಹೋಗಿ ಅತ್ತು ಬಂದಳು.

ಸ್ಕ್ಯಾನ್ ಮಾಡಿ ಒಂಬತ್ತು ದಿನವಾಯಿತು. ಆರನೆಯದು ಯಾವಾಗ ಅಂದರೆ ನೋಡೋಣ ಅನ್ನುತ್ತಾರೆ. ಅಷ್ಟು ದೊಡ್ಡ ಗಂಟಲಿನ ಡಾಕ್ಟರಮ್ಮ ಈಗ ಮೆಲ್ಲಗೆ ಮಾತಾಡುತ್ತಾರೆ. ಹತ್ತಿರದ ಸಂಬಂಧಿ ಅಂತ ನಿನ್ನ ಹೆಸರು ಕೊಟ್ಟಿದ್ದೆ, ಫೋನು ಕೇಳಿಸುವುದಿಲ್ಲ ಅಂತಲೂ ಹೇಳಿದ್ದೆ. ಅವರು ನಿನಗೆ ಕಾಗದ ಹಾಕಿದ್ದಾರಂತೆ. ನರ್ಸು ಬಾಯಿಬಿಟ್ಟಳು.

ಏನು ಬರೆದಿದ್ದಾರೆ?

ತಂಗಿ


ಸೆಪ್ಟೆಂಬರ್ ೫

ನನ್ನ ತಂಗಿಗೆ,

ಅವರ ಕಾಗದ ನಿನ್ನದಕ್ಕಿಂತ ಎರಡು ದಿನ ಮೊದಲು ಬಂತು. ನಿನಗೆ ಹೇಳಿದರೆ ಧೈರ್ಯ ಕಳೆದುಕೊಳ್ಳುತ್ತೀಯೋ ಏನೋ, ಹೇಳುವುದೋ ಬೇಡವೋ ಅಂತ ನನ್ನನ್ನು ಕೇಳಿದ್ದಾರೆ. ಆ ಎರಡು ದಿನದಲ್ಲಿ ನಾನು ಅವರಿಗೊಂದು ಉತ್ತರ ಬರೆದಿಟ್ಟಿದ್ದೆ. ಬೇಡ, ಹುಷಾರಾಗುತ್ತಿದ್ದೀಯ ಅಂತಲೇ ಹೇಳಿ ಅಂತ. ಅಂಚೆಗೆ ಹಾಕಿರಲಿಲ್ಲ. ನಿನ್ನ ಕಾಗದ ಬಂದ ಮೇಲೆ ಅದನ್ನು ಒಲೆಗೆ ಹಾಕಿದೆ.

ಅವರು ಬರೆದದ್ದು ಇದು. ಔಷಧಿ ಹಿಡಿಯುತ್ತಿಲ್ಲ. ಮೊದಲು ಕುಗ್ಗಿದ್ದ ಗಂಟು ಮತ್ತೆ ಬೆಳೆದಿದೆ. ಪಿತ್ತಜನಕಾಂಗದಲ್ಲಿ ಹೊಸದಾಗಿ ಮೂರು ಕಾಣಿಸಿವೆ. ಆರನೆಯದು ಕೊಟ್ಟು ಪ್ರಯೋಜನವಿಲ್ಲ. ಇನ್ನೊಂದು ಔಷಧಿ ಇದೆ, ಇದಕ್ಕಿಂತ ಕಟುವಾದದ್ದು. ನಿನ್ನ ಸ್ಥಿತಿಯಲ್ಲಿರುವ ಹತ್ತು ಜನರಲ್ಲಿ ಇಬ್ಬರಿಗೆ ಸ್ವಲ್ಪ ಕಾಲ ಹಿಡಿಯಬಹುದು. ಉಳಿದವರಿಗೆ ಸಂಕಟವಷ್ಟೇ. ಅದು ಬೇಡವೆಂದರೆ, ರಕ್ತ ನಿಲ್ಲಲು ಹೊಟ್ಟೆಗೆ ವಿಕಿರಣ ಕೊಡುತ್ತಾರೆ, ನೋವಿಗೆ ಮದ್ದು ಕೊಡುತ್ತಾರೆ. ಆಗ ಎಷ್ಟು ದಿನ ಅಂತ ಅವರು ಬರೆದಿಲ್ಲ. ತಿಂಗಳುಗಳ ಮಾತು, ವರ್ಷದ ಮಾತಲ್ಲ ಅಂತ ಬರೆದಿದ್ದಾರೆ.

ಎರಡರಲ್ಲಿ ಯಾವುದು ಅನ್ನುವುದನ್ನು ನೀನೇ ಹೇಳಬೇಕು. ಡಾಕ್ಟರಮ್ಮನೂ ಅಲ್ಲ, ನಾನೂ ಅಲ್ಲ. ಅವರಿಗೆ ಹಾಗೇ ಉತ್ತರ ಹಾಕಿದ್ದೇನೆ, ಎಲ್ಲವನ್ನೂ ಅವಳಿಗೆ ಹೇಳಿ ಅಂತ.

ಇಷ್ಟು ದಿನ ದೇವರ ಮುಂದೆ ನಿಂತು ನಿನ್ನನ್ನು ಉಳಿಸು ಅಂತ ಕೇಳುತ್ತಿದ್ದೆ. ಇವತ್ತೂ ಕೇಳಿದೆ, ಬಿಡಲಿಲ್ಲ. ಅದಾದ ಮೇಲೆ, ಈ ನಾಲ್ಕು ಸಾಲು ಬರೆಯುವಷ್ಟು ಹೊತ್ತು ನನ್ನ ಕೈ ಸುಳ್ಳಿಗೆ ಹೋಗದಿರಲಿ ಅಂತಲೂ ಕೇಳಿದೆ. ಎರಡು ಹಾಳೆ ಹರಿದುಹಾಕಿದೆ. ಆದರೂ ಬರೆದೆ.

ಗುರುವಾರದ ಬಸ್ಸಿಗೆ ಹೊರಡುತ್ತೇನೆ. ಪಕ್ಕದ ಮನೆಯ ದರ್ಜಿಯೂ ಅವನ ಹೆಂಡತಿಯೂ ನಿಮ್ಮ ಭಾವನನ್ನು ನೋಡಿಕೊಳ್ಳಲು ಒಪ್ಪಿದ್ದಾರೆ. ಇವರನ್ನು ಬಿಟ್ಟು ಹೇಗೆ ಹೋಗಲಿ ಅಂತ ಬಾಗಿಲಲ್ಲಿ ನಿಂತಿದ್ದೆ. "ಹೋಗೇ, ನಾನೇನು ಎದ್ದು ಓಡಿಹೋಗ್ತೀನಾ?" ಅಂದರು. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡರು.

ಕಾಗದ ನನಗಿಂತ ಒಂದು ದಿನ ಮೊದಲು ತಲುಪುತ್ತದೆ. ನೀನು ಓದಿರುತ್ತೀಯ. ಆದರೂ ಬಂದ ಮೇಲೆ ನಿನ್ನ ಮಂಚದ ಮೇಲೆ ಕೂತು ನಾನೇ ಬಾಯಿಬಿಟ್ಟು ಎಲ್ಲವನ್ನೂ ಇನ್ನೊಂದು ಸಲ ಹೇಳುತ್ತೇನೆ. ನಡುವೆ ಎಲ್ಲಾದರೂ ನಿಲ್ಲಿಸಿದರೆ, ಮುಂದೆ ಹೇಳು ಅನ್ನು.

ಅಕ್ಕ